ಆಪ್ಟಿಟ್ಯೂಡ್ ಟೆಸ್ಟ್ ಅಂಕ ನೋಡಿ ಯಾರಿಗೆ ಕೆಲಸ ಬರುತ್ತೆ ಅಂತ ಹೇಳೋಕಾಗುತ್ತಾ?

ಹೇಮಾವತಿ ದಂಡೆ, ಹಾಸನ

ನನ್ನ ತಮ್ಮ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ. ರಜೆ ಬಂದರೆ ಸಾಕು, ಬಿ.ಎಂ. ರಸ್ತೆಯ ಗ್ಯಾರೇಜಿನಲ್ಲೇ ಇರುತ್ತಿದ್ದ. ಮೋಟಾರ್ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಅಂತ ಹೇಳುತ್ತಾನೆ, ಬಿಚ್ಚಿ ನೋಡಿದರೆ ಅದೇ ಆಗಿರುತ್ತೆ. ಮೊನ್ನೆ ಒಂದು ಕಂಪನಿಗೆ ಮೇಂಟೆನೆನ್ಸ್ ಟ್ರೈನಿ ಕೆಲಸಕ್ಕೆ ಹೋಗಿದ್ದ. ಮೊದಲ ಸುತ್ತೇ ಕಂಪ್ಯೂಟರ್ ಮುಂದೆ ಟೆಸ್ಟ್: ರೈಲು ಸೇತುವೆ ದಾಟಲು ಎಷ್ಟು ಸೆಕೆಂಡು, ಅವಳ ಅತ್ತೆಯ ಮಗ ಇವನಿಗೆ ಏನಾಗಬೇಕು, ಒಂದು ಉದ್ದದ ಇಂಗ್ಲಿಷ್ ಪ್ಯಾಸೇಜ್. ಒಂದು ಪ್ರಶ್ನೆಗೆ ಒಂದು ನಿಮಿಷವೂ ಸಿಗಲ್ಲ. ಕಟ್ ಆಫ್ ದಾಟಲಿಲ್ಲ, ವಾಪಸ್ ಕಳಿಸಿದರು. ಸ್ಪ್ಯಾನರ್ ಕೈಗೆ ಕೊಟ್ಟು ನೋಡಲೇ ಇಲ್ಲ. ಈ ಅಂಕಕ್ಕೂ ಮುಂದೆ ಮಾಡುವ ಕೆಲಸಕ್ಕೂ ನಿಜಕ್ಕೂ ಸಂಬಂಧ ಇದೆಯಾ? ಗೊತ್ತಿರುವವರು ಹೇಳಿ.

ಫ್ಯಾಕ್ಟರಿ ಎಚ್‌ಆರ್

ಸಂಬಂಧ ಇದೆ ಮೇಡಂ, ಆದರೆ ಕಂಪನಿಗಳು ನಂಬಿರುವಷ್ಟು ಇಲ್ಲ. ಸೊನ್ನೆ ಅಂದರೆ ಸಂಬಂಧವೇ ಇಲ್ಲ, ಒಂದು ಅಂದರೆ ಪೂರ್ತಿ ಹೊಂದುತ್ತೆ ಅಂತ ಇಟ್ಟುಕೊಳ್ಳಿ. 1998ರಲ್ಲಿ ಷ್ಮಿಟ್ ಮತ್ತು ಹಂಟರ್ ಎಂಬ ಅಮೆರಿಕದ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ, ಬುದ್ಧಿಶಕ್ತಿ ಪರೀಕ್ಷೆಗೆ 0.51 ಅಂದರು. ಟೆಸ್ಟ್ ಮಾರುವವರು ಈಗಲೂ ಈ ಅಂಕಿಯನ್ನೇ ತೋರಿಸುತ್ತಾರೆ. 2022ರಲ್ಲಿ ಸ್ಯಾಕೆಟ್ ಮತ್ತು ಅವರ ತಂಡ ಮತ್ತೆ ಲೆಕ್ಕ ಹಾಕಿದಾಗ ಅದು 0.31ಕ್ಕೆ ಇಳಿಯಿತು. ಯಾಕೆ ಅಂದರೆ, ಕಡಿಮೆ ಅಂಕದವರನ್ನು ಕಂಪನಿಗಳು ಕೆಲಸಕ್ಕೆ ತೆಗೆದುಕೊಂಡೇ ಇರಲ್ಲ, ಹಾಗಾಗಿ ಅವರು ಹೇಗೆ ಕೆಲಸ ಮಾಡುತ್ತಿದ್ದರು ಅನ್ನೋದು ಯಾರಿಗೂ ಗೊತ್ತಿಲ್ಲ. ಆ ಕೊರತೆ ತುಂಬಲು ಲೆಕ್ಕದಲ್ಲಿ ಒಂದು ತಿದ್ದುಪಡಿ ಹಾಕುತ್ತಾರೆ. ಹಳೆಯವರು ಅದನ್ನು ಜಾಸ್ತಿ ಹಾಕಿದ್ದರು ಅಂತ ಸ್ಯಾಕೆಟ್ ತಂಡ ತೋರಿಸಿತು.

0.31 ಅಂದರೆ, ಒಬ್ಬರಿಂದ ಒಬ್ಬರಿಗೆ ಕೆಲಸದಲ್ಲಿ ಕಾಣುವ ವ್ಯತ್ಯಾಸದಲ್ಲಿ ಹತ್ತನೇ ಒಂದು ಭಾಗವನ್ನು ಮಾತ್ರ ಈ ಅಂಕ ವಿವರಿಸುತ್ತೆ. ನೂರಾರು ಜನರನ್ನು ತೆಗೆದುಕೊಳ್ಳುವ ಕಡೆ ಅದೂ ಉಪಯೋಗಕ್ಕೆ ಬರುತ್ತೆ. ಒಬ್ಬ ಹುಡುಗನ ಹಣೆಬರಹ ಬರೆಯೋಕೆ ಸಾಲಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಮೊದಲೇ ಗೊತ್ತುಮಾಡಿದ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನಕ್ಕೆ ಅದೇ ಲೆಕ್ಕದಲ್ಲಿ 0.42 ಇದೆ.

ಆದರೆ ಟೆಸ್ಟೇ ಬೇಡ ಅನ್ನಬೇಡಿ. ನಮ್ಮ ಕಡೆ ಟೆಸ್ಟ್ ತೆಗೆದರೆ ಆ ಜಾಗಕ್ಕೆ ಬರೋದು ಬಾಯಿಮಾತಿನ ಸಂದರ್ಶನ. ಯಾವ ಊರು, ಯಾರ ಮಗ, ಯಾರು ಕಳಿಸಿದ್ದು ಅಂತ ಕೇಳುತ್ತಾರೆ. ಹಾಗೆ ಮನಸ್ಸಿಗೆ ಬಂದದ್ದು ಕೇಳುವ ಸಂದರ್ಶನಕ್ಕೆ 0.19 ಮಾತ್ರ. ಕಂಪ್ಯೂಟರ್ ಆದರೂ ಜಾತಿ ಕೇಳಲ್ಲ, ಅಲ್ವಾ?

ಚಿಕ್ಕಮಗಳೂರು ಕ್ಯೂರಿಂಗ್

ನಾನು ಕಾಫಿ ಕ್ಯೂರಿಂಗ್‌ನಲ್ಲಿ ಸೂಪರ್‌ವೈಸರ್. ಬೀಜ ಆರಿಸುವ ಕೆಲಸಕ್ಕೆ ಬಂದವರ ಮುಂದೆ ಟ್ರೇ ತುಂಬ ಬೀಜ ಸುರಿದು, ಕಪ್ಪು ಬೀಜ, ಒಡೆದದ್ದು, ಕಾಯಿಕೊರಕ ತಿಂದದ್ದು ಬೇರೆ ಮಾಡಿ ಅನ್ನುತ್ತೇವೆ. ಕಾಯಿಕೊರಕದ ತೂತು ಸೂಜಿಮೊನೆಯಷ್ಟೇ ಇರುತ್ತೆ. ಕೆಲವರ ಬೆರಳು ಬೀಜವನ್ನು ತಿರುಗಿಸಿ ನೋಡಿಯೇ ಮುಂದೆ ತಳ್ಳುತ್ತೆ, ಕೆಲವರು ಮೇಲ್ಮೈ ಮಾತ್ರ ನೋಡಿ ಬಿಡುತ್ತಾರೆ. ಕಾಲು ಗಂಟೆಯಲ್ಲಿ ಗೊತ್ತಾಗಿಬಿಡುತ್ತೆ.

ಇದರಲ್ಲೂ ಒಂದು ತೊಡಕಿದೆ. ತೋಟದ ಮನೆಯಿಂದ ಬಂದವರಿಗೆ ಇದು ಸಲೀಸು. ಬಯಲುಸೀಮೆಯಿಂದ ಬಂದವರು ಮೊದಲ ದಿನ ಹಿಂದೆ ಬೀಳುತ್ತಾರೆ, ಕಲಿಸಿದರೆ ಎಷ್ಟೋ ಜನ ಇವರನ್ನೇ ಮೀರಿಸುತ್ತಾರೆ. ಅದಕ್ಕೇ ನಾವು ಮೊದಲು ತೋರಿಸಿಕೊಟ್ಟು ಆಮೇಲೆ ಪರೀಕ್ಷೆ ಮಾಡುತ್ತೇವೆ. ಎಲ್ಲ ಕಡೆ ಹೀಗೆ ಮಾಡಬೇಕು ಅಂತ ನನ್ನ ಆಸೆ.

ಕಡೂರು ಎಕ್ಸ್‌ಪ್ರೆಸ್

ಭಾಷೆಯ ವಿಷಯ ಯಾರೂ ಎತ್ತಲಿಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಲೆಕ್ಕ ಬರುತ್ತೆ, ಆದರೆ ಪ್ರಶ್ನೆ ಅರ್ಥ ಮಾಡಿಕೊಳ್ಳೋದರಲ್ಲೇ ಸಮಯ ಮುಗಿದಿರುತ್ತೆ. ಆಗ ಅಳೆದದ್ದು ತರ್ಕ ಅಲ್ಲ, ಇಂಗ್ಲಿಷ್ ಓದುವ ವೇಗ. ಯುಪಿಎಸ್‌ಸಿ 2011ರಲ್ಲಿ ಐಎಎಸ್ ಪ್ರಿಲಿಮ್ಸ್‌ಗೆ ಸಿಸ್ಯಾಟ್ ಎಂಬ ಆಪ್ಟಿಟ್ಯೂಡ್ ಪತ್ರಿಕೆ ತಂದಾಗ ಇದೇ ಗಲಾಟೆ ಆಯಿತು. 2014ರಲ್ಲಿ ದೆಹಲಿಯಲ್ಲಿ ಹುಡುಗರು ಬೀದಿಗಿಳಿದರು. 2015ರಿಂದ ಆ ಪತ್ರಿಕೆಯಲ್ಲಿ ಶೇಕಡಾ 33 ಬಂದರೆ ಸಾಕು, ಅಂಕ ರ‍್ಯಾಂಕಿಗೆ ಸೇರಲ್ಲ. ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಮಾತ್ರ ಈಗಲೂ ಹಿಂದಿ, ಇಂಗ್ಲಿಷ್‌ನಲ್ಲೇ ಇದೆ.

ಅಮೆರಿಕದಲ್ಲಿ ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪನಿ ಒಳ್ಳೆಯ ಹುದ್ದೆಗಳಿಗೆ ಹೈಸ್ಕೂಲ್ ಸರ್ಟಿಫಿಕೇಟು, ಜೊತೆಗೆ ಎರಡು ಟೆಸ್ಟ್ ಇಟ್ಟಿತ್ತು. ಕಪ್ಪು ಜನರೇ ಹೆಚ್ಚಾಗಿ ಹೊರಗುಳಿದರು. ಇವೇನೂ ಇಲ್ಲದೆ ಮೊದಲೇ ಸೇರಿದ್ದವರು ಅದೇ ಕೆಲಸ ಚೆನ್ನಾಗಿಯೇ ಮಾಡುತ್ತಿದ್ದರು. ಟೆಸ್ಟಿಗೂ ಕೆಲಸಕ್ಕೂ ಸಂಬಂಧ ಇದೆ ಅಂತ ಕಂಪನಿಯೇ ತೋರಿಸಬೇಕು ಅಂತ 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಇಲ್ಲೂ ಅದನ್ನೇ ಕೇಳಬೇಕು. ಮೋಟಾರ್ ರಿಪೇರಿ ಮಾಡೋಕೆ ಇಂಗ್ಲಿಷ್ ಪ್ಯಾಸೇಜ್ ಯಾಕೆ? ಮ್ಯಾನ್ಯುಯಲ್ ಓದೋಕೆ ಅಂದರೆ, ಮ್ಯಾನ್ಯುಯಲ್ಲಿನ ಒಂದು ಪುಟವನ್ನೇ ಕೊಡಲಿ.

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಎಚ್‌ಆರ್ ಸರ್, ಈಗ ಅವನು ಏನು ಮಾಡಬೇಕು? ಸುಮ್ನೆ ಮನೆಯಲ್ಲಿ ಕೂತುಬಿಟ್ಟಿದ್ದಾನೆ.

ಫ್ಯಾಕ್ಟರಿ ಎಚ್‌ಆರ್

ಅಪ್ರೆಂಟಿಸ್‌ಶಿಪ್‌ಗೆ ಅರ್ಜಿ ಹಾಕಲಿ. ವರ್ಷಪೂರ್ತಿ ಅವನ ಕೈಕೆಲಸ ನೋಡುವವರು ಸಿಗುತ್ತಾರೆ. ಟ್ರೇಡ್ ಟೆಸ್ಟ್, ಅಂದರೆ ಕೆಲಸ ಮಾಡಿಸಿಯೇ ನೋಡುವ ಪರೀಕ್ಷೆ, ಇರುವ ಕಂಪನಿಗಳನ್ನು ಮೊದಲು ನೋಡಲಿ. ಜೊತೆಗೆ ದಿನಾ ಅರ್ಧ ಗಂಟೆ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲಿ, ಈ ಟೆಸ್ಟ್‌ಗಳಲ್ಲಿ ಅಭ್ಯಾಸದಿಂದ ಅಂಕ ಏರುತ್ತೆ. ಬೆಂಗಳೂರಿನ ಕೋಚಿಂಗ್ ಹುಡುಗರು ಮುಂದಿರೋದಕ್ಕೆ ಅದೂ ಒಂದು ಕಾರಣ.