ಬೆಕ್ಕಿಗೆ ಅರ್ಧ ಜ್ವರದ ಮಾತ್ರೆ ಹೋಗಿದೆ, ಬೆಳಗಿನವರೆಗೆ ಕಾಯಬಹುದಾ?

ಗುತ್ತಲು ರಸ್ತೆ, ಮಂಡ್ಯ (ರಾತ್ರಿ 8:40)

ನಮ್ಮ ಚಿನ್ನಿಗೆ ಎರಡು ವರ್ಷ, ಮೂರು ಕೆ.ಜಿ. ಇದೆ. ಬೆಳಿಗ್ಗೆಯಿಂದ ಮಂಕಾಗಿತ್ತು, ಕಿವಿ ಬಿಸಿ. ನಾನು ಕೆಲಸದಿಂದ ಬರೋಷ್ಟರಲ್ಲಿ ನಮ್ಮತ್ತೆ 650ರ ಪ್ಯಾರಾಸಿಟಮಾಲ್ ಅರ್ಧ ಮುರಿದು, ಬೆಣ್ಣೇಲಿ ಉಂಡೆ ಕಟ್ಟಿ ನುಂಗಿಸಿಬಿಟ್ಟಿದ್ದಾರೆ. ಏಳೂವರೆಗಂತೆ. ನಾವೆಲ್ಲ ನುಂಗೋ ಮಾತ್ರೆ ತಾನೇ ಅಂದ್ಕೊಂಡ್ರು, ಪಾಪ. ಈಗ ಎದ್ದು ಓಡಾಡ್ತಿದೆ, ಕಾಲಿಗೆ ಮೈ ಉಜ್ಜುತ್ತಿದೆ. ಪಕ್ಕದ ಮನೆಯವರು ಉಪ್ಪುನೀರು ಕುಡಿಸಿ ಕಕ್ಕಿಸಿ ಅಂತಾರೆ. ಬೆಳಿಗ್ಗೆ ದನದ ಆಸ್ಪತ್ರೆ ಬಾಗಿಲು ತೆಗೆಯೋವರೆಗೆ ಕಾಯಬಹುದಾ?

ಸರಸ್ವತೀಪುರಂ, ಮೈಸೂರು (8:51)

ಕಾಯಬೇಡಿ ಅಕ್ಕ, ಈಗಲೇ ಬುಟ್ಟಿಗೆ ಹಾಕ್ಕೊಂಡು ಹೊರಡಿ. ಅರ್ಧ ಮಾತ್ರೆ ಅಂದ್ರೆ 325 ಮಿಲಿಗ್ರಾಂ. ಕೆ.ಜಿ.ಗೆ 100 ದಾಟಿತು. ಕೆ.ಜಿ.ಗೆ 10ರಷ್ಟಕ್ಕೇ ವಿಷವೇರಿದ ಬೆಕ್ಕುಗಳಿವೆ. ನಮ್ಮ ಲಿವರ್ ಈ ಔಷಧಿಯನ್ನ ಸಲೀಸಾಗಿ ಹೊರಹಾಕುತ್ತೆ. ಬೆಕ್ಕಿನ ಲಿವರ್‌ನಲ್ಲಿ ಅದಕ್ಕೆ ಬೇಕಾದ ಕಿಣ್ವ ತೀರಾ ಕಡಿಮೆ. ಹಾಗಾಗಿ ಅದು ಬೇರೆ ವಿಷವಾಗಿ ತಿರುಗಿ ರಕ್ತವನ್ನೇ ಕೆಡಿಸುತ್ತೆ, ಆ ರಕ್ತ ಆಮ್ಲಜನಕ ಹೊರಲ್ಲ.

ಉಪ್ಪುನೀರು ಬೇಡವೇ ಬೇಡ. ಮೈಯಲ್ಲಿ ಉಪ್ಪೇರಿದರೆ ಅದು ಇನ್ನೊಂದು ವಿಷ, ನೀರು ಶ್ವಾಸಕೋಶಕ್ಕೂ ಹೋಗಬಹುದು. ಒಲೆ ಇದ್ದಿಲು ಅರೆದು ಕುಡಿಸಿ ಅಂತ ಯಾರಾದ್ರೂ ಹೇಳಿದ್ರೆ ಅದೂ ಬೇಡ, ಡಾಕ್ಟರ್ ಕೊಡೋ ಇದ್ದಿಲೇ ಬೇರೆ. ವಾಂತಿ ಮಾಡಿಸೋದಿದ್ರೂ ಅವರೇ ಮಾಡಿಸಬೇಕು.

ಓಡಾಡ್ತಿದೆ ಅಂತ ನಂಬಬೇಡಿ. ನಾನು ನಂಬಿ ಕೂತಿದ್ದೆ. ನಮ್ಮ ಬೋಳನಿಗೆ ಅರ್ಧ ಮಾತ್ರೆ ಕೊಟ್ಟವಳು ನಾನೇ. ಸಂಜೆ ಚೆನ್ನಾಗೇ ಇದ್ದ. ರಾತ್ರಿ ಹನ್ನೊಂದಕ್ಕೆ ಮುಖ ಊದಿ ಕಣ್ಣು ಸಣ್ಣಗಾಗಿತ್ತು, ಮುಂಗಾಲೂ ದಪ್ಪ. ತುಟಿ ಎತ್ತಿ ನೋಡಿದೆ. ಗುಲಾಬಿ ಬಣ್ಣದ ಒಸಡು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಯಲ್ಲಿ ತೆಗೆದ ರಕ್ತವೂ ಕೆಂಪಗಿರಲಿಲ್ಲ, ಸಿರಿಂಜಿನಲ್ಲಿ ಕಂದು. ಬೆಳಗಿನ ಜಾವ ಹೋಗಿಬಿಟ್ಟ. ನಿಮಗಿನ್ನೂ ಸಮಯ ಇದೆ ಅಕ್ಕ, ದಯವಿಟ್ಟು ಹೊರಡಿ.

ಮೆಡಿಕಲ್ ಸ್ಟೋರ್, ಶ್ರೀರಂಗಪಟ್ಟಣ (8:58)

ಹೊರಡೋ ಮೊದಲೇ ಮೈಸೂರಿನ ಕ್ಲಿನಿಕ್‌ಗಳಿಗೆ ಫೋನ್ ಮಾಡಿ, ರಾತ್ರಿ ನೋಡ್ತಾರಾ, ಎನ್-ಅಸಿಟೈಲ್‌ಸಿಸ್ಟೀನ್ ಇದೆಯಾ ಅಂತ ಕೇಳಿ. ಇದಕ್ಕೆ ಮದ್ದು ಅದೇ. ಅವರಲ್ಲಿ ಇಲ್ಲದಿದ್ರೆ ಗಾಬರಿ ಬೇಡ, ಮನುಷ್ಯರಿಗೂ ಅದನ್ನೇ ಕೊಡೋದು, ದೊಡ್ಡ ಮೆಡಿಕಲ್‌ಗಳಲ್ಲಿ ಸಿಗುತ್ತೆ. ಅಳತೆ ಮಾತ್ರ ಡಾಕ್ಟರದ್ದು. ಮಾತ್ರೆಯ ಶೀಟು ಜೊತೇಲಿರಲಿ, ಕೊಟ್ಟ ಹೊತ್ತು ಚೀಟೀಲಿ ಬರ್ಕೊಳ್ಳಿ. ಗಾಬರೀಲಿ ಮರೆತುಹೋಗುತ್ತೆ.

ಗುತ್ತಲು ರಸ್ತೆ, ಮಂಡ್ಯ (ಮೂರನೇ ದಿನ)

ಅವತ್ತೇ ಕಾರು ಮಾಡ್ಕೊಂಡು ಮೈಸೂರಿಗೆ ಹೋದ್ವಿ. ಹತ್ತು ಗಂಟೆಗೆ ಮೊದಲ ಡೋಸ್ ಬಿತ್ತು, ಆಮೇಲೆ ಆರಾರು ಗಂಟೆಗೊಮ್ಮೆ. ಮಾರನೇ ದಿನ ಮುಖ ಸ್ವಲ್ಪ ಊದಿತ್ತು, ಒಸಡು ಕಂದಿತ್ತು, ಆಮ್ಲಜನಕ ಇಟ್ಟಿದ್ರು. ಇವತ್ತು ಊತ ಇಳಿದಿದೆ, ಬೇಯಿಸಿದ ಕೋಳಿ ಎರಡು ಚೂರು ತಿಂತು. ಜ್ವರ ಬಂದಿದ್ದು ಕಾಲಿನ ಗಾಯ ಕೀವಾಗಿದ್ದಕ್ಕಂತೆ, ಅದಕ್ಕೂ ಔಷಧಿ ಶುರುವಾಗಿದೆ. ಅತ್ತೆ ಎರಡು ದಿನ ಊಟ ಬಿಟ್ಟಿದ್ರು. ಈಗ ಗಂಟೆಗೊಂದ್ಸಲ ಅವರೇ ತುಟಿ ಎತ್ತಿ ಬಣ್ಣ ನೋಡ್ತಾರೆ. ಸರಸ್ವತೀಪುರದ ತಂಗಿ, ನಿಮ್ಮ ಬೋಳನ ವಿಷಯ ಅವರಿಗೆ ಓದಿ ಹೇಳಿದೆ. ನಾಳೆ ಲಿವರ್‌ಗೆ ಇನ್ನೊಂದು ರಕ್ತಪರೀಕ್ಷೆ ಇದೆ.