ಪದವಿನ ಹೊಂಡದಲ್ಲಿ ಎಲೆಯೇ ಇಲ್ಲದ ಜೇಕು, ಯಾವುದಿದು?

ಮುರಕಲ್ಲು:
ಮಣಿಪಾಲದ ಹತ್ತಿರದ ಒಂದು ಪದವಿನಲ್ಲಿ, ಅಂದರೆ ಮುರಕಲ್ಲು ಹಾಸಿದ ಬೋಳು ಬಯಲಿನಲ್ಲಿ, ಮಳೆಗಾಲದಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲುತ್ತದೆ. ಅದರ ಅಂಚಲ್ಲಿ ಗೇಣುದ್ದವೂ ಇಲ್ಲದ ಜೇಕು ಗುಂಪಾಗಿ ಬೆಳೆದಿದೆ. ಎಲೆ ಇಲ್ಲ, ದಾರದಂಥ ಕಡ್ಡಿ, ತುದಿಯಲ್ಲಿ ಒಂದೇ ತೆನೆ. ಗದ್ದೆಯ ಕೊನ್ನಾರಿ ಅಂತೂ ಅಲ್ಲ. ಪಕ್ಕದಲ್ಲೇ ಹುಳ ಹಿಡಿಯುವ ಡ್ರಾಸೆರಾ ಇದೆ. ಅಪರೂಪದ್ದಾ? ಕಲ್ಲಿನ ಕೋರೆ ಆ ಕಡೆಗೇ ಬರ್ತಾ ಇದೆ, ಬೇಗ ಹೇಳಿ.

ಬೈಲುಮನೆ:
ಜೇಕಿನಲ್ಲೇ ಎಲಿಯೊಕಾರಿಸ್ ಅನ್ನುವ ಕುಲದ್ದಿರಬೇಕು. ಕಡ್ಡಿಯ ಬುಡ ನೋಡಿ, ಎಲೆಯ ಬದಲು ಕೊಳವೆ ಹಾಗೆ ಸುತ್ತಿಕೊಂಡ ಪೊರೆ ಮಾತ್ರ ಇರುತ್ತದೆ. ಫೋಟೋದಿಂದ ಇದಕ್ಕಿಂತ ಜಾಸ್ತಿ ಹೇಳಲಿಕ್ಕಾಗುವುದಿಲ್ಲ, ಕಾಯಿ ಬೇಕು. ಬಲಿತ ತೆನೆಯನ್ನು ಬಿಳಿ ಕಾಗದದ ಮೇಲೆ ಉಜ್ಜಿ, ಉದುರಿದ ಕಾಯಿಯನ್ನು ಲೆನ್ಸಲ್ಲಿ ನೋಡಿ. ತಲೆ ಮೇಲೆ ಪುಟ್ಟ ಟೊಪ್ಪಿ ಉಳಿದಿದ್ದರೆ ಎಲಿಯೊಕಾರಿಸ್, ಫಿಂಬ್ರಿಸ್ಟೈಲಿಸ್ ಅನ್ನುವ ಇನ್ನೊಂದು ಜೇಕಿನ ಕುಲದಲ್ಲಿ ಅದು ಪೂರ್ತಿ ಉದುರಿ ಹೋಗುತ್ತದೆ. ಕಾಯಿ ಕಪ್ಪಗೆ ಹೊಳೆಯುತ್ತಿದ್ದರೆ ಎಲಿಯೊಕಾರಿಸ್‌ನ ಜೆನಿಕ್ಯುಲೇಟಾ ಅಥವಾ ಅಟ್ರೊಪರ್ಪ್ಯೂರಿಯಾ ಜಾತಿ ಇರಬಹುದು, ಅವೆರಡೂ ಅಪರೂಪದ್ದಲ್ಲ.

ಕಟ್ಟಪುಣಿ:
ಜಾಗದ ಬಗ್ಗೆಯೂ ಬರೆಯಿರಿ ಮಾರಾಯ್ರೆ, ಸುಮ್ನೆ 'ಒದ್ದೆ ಜಾಗ' ಅಂದರೆ ಸಾಲದು. ಪದವಿನಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಗಿಡಗಳೇ ಬೇರೆ. ಕಲ್ಲಿನ ಮೇಲೆ ಎರಡು ಬೆರಳು ಮಣ್ಣಿರುವಲ್ಲಿ ಮಳೆ ಬಿಟ್ಟ ಕೂಡಲೇ ಒಣಗುತ್ತದೆ, ಹೊಂಡದ ಕೆಸರು ಮಾತ್ರ ಇನ್ನೂ ಕೆಲವು ವಾರ ಹಸಿಯಾಗಿರುತ್ತದೆ. ಒಂದೇ ವರ್ಷದ ಗಿಡವಾದರೆ ಅಷ್ಟರೊಳಗೆ ಹೂಬಿಟ್ಟು ಬೀಜ ಉದುರಿಸಿ ಮುಗಿಸಬೇಕು. ನೀರು ಎಷ್ಟು ಆಳ, ಎಲ್ಲಿಂದ ಹರಿದು ಬರುತ್ತದೆ, ಯಾವಾಗ ಬತ್ತುತ್ತದೆ ಅಂತ ಗುರುತು ಹಾಕಿಕೊಳ್ಳಿ. ಕೋರೆ ವಿಷಯದಲ್ಲಿ ಇದೇ ಮುಖ್ಯ. ಹೊಂಡವನ್ನಷ್ಟೇ ಬಿಟ್ಟು ಸುತ್ತ ಕಲ್ಲು ಕಡಿದರೆ ಹೊಂಡಕ್ಕೆ ಇಳಿದು ಬರುವ ನೀರೇ ನಿಂತುಹೋಗುತ್ತದೆ, ಆಮೇಲೆ ಬೇಲಿ ಹಾಕಿ ಏನು ಪ್ರಯೋಜನ?

ಮುರಕಲ್ಲು:
ನೋಡಿದೆ. ಟೊಪ್ಪಿ ಇದೆ. ಕಾಯಿ ಕಪ್ಪಲ್ಲ, ಹಸಿರು ಕಲೆತ ಹಳದಿ, ಮೂರು ಮೂಲೆ. ಬುಡದಲ್ಲಿ ಬಿರುಗೂದಲು ಕೂಡ ಇದೆ.

ಬೈಲುಮನೆ:
ಹಾಗಾದರೆ ನಾನು ಹೇಳಿದ ಎರಡೂ ಅಲ್ಲ, ಅವುಗಳ ಕಾಯಿ ಎರಡು ಕಡೆ ಉಬ್ಬಿದ ಚಪ್ಪಟೆ. ಗುಂಪು ದೊಡ್ಡದಿದ್ದರೆ ಮಾತ್ರ ಬೇರು ಸಮೇತ ಒಂದು ಗಿಡ ತೆಗೆದು ಪೇಪರಿನ ನಡುವೆ ಒತ್ತಿಡಿ, ಒಂದು ಚೀಟಿಯಲ್ಲಿ ಜಾಗ, ತಾರೀಕು, ನೀರಿನ ಆಳ ಬರೆದಿಡಿ. ಉಡುಪಿಯ ಗಿಡಗಳ ಬಗ್ಗೆ ಗೋಪಾಲಕೃಷ್ಣ ಭಟ್ಟರ 'ಫ್ಲೋರಾ ಆಫ್ ಉಡುಪಿ' ಪುಸ್ತಕ 2003ರಲ್ಲಿ ಬಂದಿದೆ, ಅದರ ವಿವರಣೆ ಜೊತೆ ಹೋಲಿಸಿ ನೋಡೋಣ. ಸರಿಯಾದ ಜಾಗ ಎಲ್ಲಿ ಅಂತ ಮಾತ್ರ ಇಲ್ಲಿ ಹಾಕಬೇಡಿ.