ಅಪ್‌ಡೇಟ್: ಜೆಕ್ವೆರಿ ತೆಗೆದ ಮೇಲೆ ಬಂದ ಸೆಲೆಕ್ಟರ್ ಎರರ್, ಕಾರಣ ಸಿಕ್ತು

ಕೇಳಿದ್ದು ಇಷ್ಟು: ಬಿಎಂಟಿಸಿ ರೂಟ್ ತೋರಿಸೋ ಪೇಜಲ್ಲಿ ‘#335ಇ .ಸ್ಟಾಪ್’ ಅನ್ನೋ ಸೆಲೆಕ್ಟರ್ (335ಇ ಐಡಿ ಇರೋ ಎಲಿಮೆಂಟ್ ಒಳಗೆ ‘ಸ್ಟಾಪ್’ ಕ್ಲಾಸ್ ಇರೋದನ್ನ ಹುಡುಕೋ ಗುರುತು) ಜಾವಾಸ್ಕ್ರಿಪ್ಟ್ ಲೈಬ್ರರಿ ಜೆಕ್ವೆರಿ 3ರಲ್ಲಿ ಸರಿಯಾಗಿ ಸಿಗುತ್ತೆ, ನೇರವಾಗಿ ಬ್ರೌಸರ್‌ನದೇ ಹುಡುಕೋ ಫಂಕ್ಷನ್ ಕ್ವೆರಿಸೆಲೆಕ್ಟರ್‌ಆಲ್‌ಗೆ ಕೊಟ್ಟರೆ ಸಿಂಟ್ಯಾಕ್ಸ್ ಎರರ್. ಯಾಕೆ?

ಐಡಿ ಅಂಕಿಯಿಂದ ಶುರುವಾಗೋದಕ್ಕೆ ಎಚ್‌ಟಿಎಂಎಲ್ ತಕರಾರು ಮಾಡಲ್ಲ, ಸೆಲೆಕ್ಟರ್ ನಿಯಮ ಇಟ್ಟಿರೋ ಸಿಎಸ್‌ಎಸ್ ಮಾಡುತ್ತೆ. ಜೆಕ್ವೆರಿ ಮೊದಲು ಬ್ರೌಸರ್‌ನ ಕ್ವೆರಿಸೆಲೆಕ್ಟರ್‌ಆಲ್ ಅನ್ನೇ ಕರೆಯುತ್ತೆ. ಎರರ್ ಬಂದರೆ ಅದನ್ನ ಸದ್ದಿಲ್ಲದೆ ನುಂಗಿ ತನ್ನ ಸ್ವಂತ ಇಂಜಿನ್‌ನಲ್ಲಿ ಹುಡುಕುತ್ತೆ. ಅದು ನಿಧಾನ, ಮೇಲಾಗಿ ಬಗ್ ಮುಚ್ಚಿಹೋಗುತ್ತೆ. ಕಣ್ಣಾರೆ ನೋಡಬೇಕಂದ್ರೆ ಕ್ರೋಮ್ ಡೆವ್‌ಟೂಲ್ಸ್‌ನ ಸೋರ್ಸಸ್ ಟ್ಯಾಬಲ್ಲಿ ‘ಪಾಜ್ ಆನ್ ಕಾಟ್ ಎಕ್ಸೆಪ್ಶನ್ಸ್’ (ನುಂಗಿದ ಎರರ್ ಬಂದಲ್ಲೂ ಕೋಡ್ ನಿಲ್ಲಿಸೋ ಆಯ್ಕೆ) ಆನ್ ಮಾಡಿ. ಜೆಕ್ವೆರಿ ಫೈಲ್ ಇಗ್ನೋರ್ ಲಿಸ್ಟಲ್ಲಿದ್ದರೆ (ಡಿಬಗರ್ ಕಡೆಗಣಿಸೋ ಫೈಲ್‌ಗಳ ಪಟ್ಟಿ) ಅಲ್ಲಿ ನಿಲ್ಲಲ್ಲ, ಮೊದಲು ಆ ಲಿಸ್ಟಿಂದ ತೆಗೀರಿ.

ಪರಿಹಾರ: ಐಡಿಯನ್ನ ಸೆಲೆಕ್ಟರ್‌ಗೆ ಒಪ್ಪೋ ಹಾಗೆ ಬರೆದುಕೊಡೋ ಸಿಎಸ್‌ಎಸ್.ಎಸ್ಕೇಪ್‌ಗೆ ಕೊಡಿ, ‘\33 35ಇ’ ಬರುತ್ತೆ. 33 ಅಂದ್ರೆ ‘3’ರ ಹೆಕ್ಸ್ ಕೋಡ್, ನಂತರದ ಸ್ಪೇಸ್ ಅಳಿಸಬೇಡಿ, ಅಳಿಸಿದರೆ ಮುಂದಿನ ಅಂಕಿಗಳೂ ಕೋಡ್‌ಗೆ ಸೇರಿಹೋಗ್ತವೆ. ಜೆಕ್ವೆರಿ ಉಳಿಸಿಕೊಳ್ಳೋರಿಗೆ ಇದೇ ಕೆಲಸಕ್ಕೆ 3.0ಯಿಂದ ಎಸ್ಕೇಪ್‌ಸೆಲೆಕ್ಟರ್ ಇದೆ.

ಇನ್ನೊಂದು: ಜೆಕ್ವೆರಿಯ ಫೈಂಡ್ ಬದಲು ಎಲಿಮೆಂಟ್ ಮೇಲೆ ಕ್ವೆರಿಸೆಲೆಕ್ಟರ್‌ಆಲ್ ಹಾಕಿ ‘ಡಿವ್ ಸ್ಪ್ಯಾನ್’ ಕೊಟ್ಟರೆ, ಆ ‘ಡಿವ್’ ಎಲಿಮೆಂಟ್‌ನ ಹೊರಗಿದ್ದರೂ ಮ್ಯಾಚ್ ಆಗುತ್ತೆ. ಆ ಎಲಿಮೆಂಟ್ ಒಳಗೆ ಮಾತ್ರ ಹುಡುಕಬೇಕಂದ್ರೆ ಸೆಲೆಕ್ಟರ್‌ನ ಶುರುವಲ್ಲಿ ‘:ಸ್ಕೋಪ್’ ಸೇರಿಸಿ.